ಬೊಳ್ಳಿಗೆ ಕೊಟ್ಟ ಮದ್ದು

ಬೆಂಗಳೂರು
೧೨-೮-೧೯೮೩

ಪ್ರೀತಿಯ ಅಪ್ಪನಿಗೆ ಶೀಲಾವತಿಯ ನಮಸ್ಕಾರಗಳು.

ನಿಮ್ಮ ಕಾಗದ ಮೊನ್ನೆ ಸಿಕ್ಕಿತು. ತೋಡು ದಾಟುವಾಗ ಬೊಳ್ಳಿ ಜಾರಿ ಮುಂಗಾಲು ಉಳುಕಿಸಿಕೊಂಡಳೆಂದು ಓದಿ ಬೇಜಾರಾಯಿತು. ಆದರೆ ಹಾಲಿನ ಕ್ಯಾನು ಮಗುಚಿ ತೋಡಿನ ಮೀನುಗಳಿಗೆಲ್ಲ ಆ ದಿನ ಪಾಯಸದೂಟ ಎಂದು ನೀವು ಬರೆದದ್ದಕ್ಕೆ ನಗುವೂ ಬಂತು. ಧಣಿಗಳು ಏಲಕ್ಕಿ ತೋಟ ಮಾರಿ ಹೋಗುವಾಗ, ಇಪ್ಪತ್ತೆಂಟು ವರ್ಷ ರೈಟರಾಗಿ ದುಡಿದ ನಿಮಗೆ ಶಾಲು ಹಾರ ಬಿಟ್ಟು ಒಂದು ಕುದುರೆ ಕೊಟ್ಟರೆಂದು ಅಮ್ಮ ಈಗಲೂ ಆಡಿಕೊಳ್ಳುತ್ತಾಳಾ? ಆಡಿಕೊಳ್ಳಲಿ. ಗುಡ್ಡದ ಮನೆಗಳ ಹಾಲು ಈ ಐದು ವರ್ಷ ಸೊಸೈಟಿ ಮುಟ್ಟಿದ್ದು ಬೊಳ್ಳಿಯ ಬೆನ್ನ ಮೇಲೆಯೇ ಅಲ್ಲವೇ.

ಕಾಲಿನ ಬಗ್ಗೆ ನೀವು ಚಿಂತೆ ಮಾಡಬೇಡಿ. ಇದರ ಜೊತೆ ಪಾರ್ಸೆಲ್ ಹಾಕಿದ್ದೇನೆ. ಅದರಲ್ಲಿ ನೋವಿನ ಪುಡಿಯ ಪೊಟ್ಟಣಗಳಿವೆ. ಬೆಳಿಗ್ಗೆ ಒಂದು, ಸಂಜೆ ಒಂದು, ಬೆಲ್ಲದಲ್ಲಿ ಕಲಸಿ ಕೊಡಿ. ಈ ಸಲ ಔಷಧಶಾಸ್ತ್ರದಲ್ಲಿ ಇಡೀ ತರಗತಿಗೆ ನನ್ನದೇ ಹೆಚ್ಚು ಅಂಕ, ಆದ್ದರಿಂದ ಧೈರ್ಯವಾಗಿ ಕೊಡಿ. ಊತ ಇಳಿದ ಮೇಲೆ ನನಗೆ ಬರೆಯಿರಿ. ಒಂದು ಮಾತು ಮಾತ್ರ ನೆನಪಿಡಿ: ನಾನು ಹೇಳುವವರೆಗೆ ನಿಲ್ಲಿಸಬೇಡಿ. ನಮ್ಮ ಕಡೆಯವರಿಗೆ ನೋವು ಕಮ್ಮಿಯಾದ ಕೂಡಲೇ ಮದ್ದು ಬಿಟ್ಟುಬಿಡುವ ಕೆಟ್ಟ ಚಾಳಿ ಇದೆ. ಪೊಟ್ಟಣ ಮುಗಿದರೆ ಒಳಗಿರುವ ಚೀಟಿಯನ್ನು ಪುತ್ತೂರಿನ ಯಾವುದಾದರೂ ಮದ್ದಿನಂಗಡಿಯಲ್ಲಿ ತೋರಿಸಿ.

ಅಮ್ಮನಿಗೆ ನನ್ನ ನೆನಪುಗಳು.

ನಿಮ್ಮ ಮಗಳು
ಶೀಲಾವತಿ

⁂

ಅರಂತೋಡು
೨-೯-೧೯೮೩

ಚಿರಂಜೀವಿ ಶೀಲಾವತಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪುಡಿ ಪುಡಿಯಲ್ಲ, ಮಂತ್ರ. ನಾಲ್ಕನೇ ದಿನಕ್ಕೆ ಊತ ಇಳಿಯಿತು. ಎಂಟನೇ ದಿನಕ್ಕೆ ಬೊಳ್ಳಿ ಕ್ಯಾನು ಹೊತ್ತು ಗುಡ್ಡ ಇಳಿದಳು. ಮೇಲಿನ ಮನೆಯ ಚೆನ್ನು ಮೂಗಿನ ಮೇಲೆ ಬೆರಳಿಟ್ಟು, "ರೈಟರೇ, ಮಗಳು ಕಲ್ತದ್ದು ದಂಡ ಆಗ್ಲಿಲ್ಲ" ಎಂದಳು. ಹೆಣ್ಣುಮಗುವನ್ನು ದನದ ಡಾಕ್ಟರಿಕೆಗೆ ಕಳಿಸುವುದುಂಟೇ ಎಂದು ಮೂರು ವರ್ಷದ ಹಿಂದೆ ಕೇಳಿದವಳೂ ಅವಳೇ.

ಈ ಲಕೋಟೆಯ ಮೇಲೆ 'ಡಾಕ್ಟರ್ ಶೀಲಾವತಿ' ಎಂದು ದೊಡ್ಡದಾಗಿ ಬರೆದಿದ್ದೇನೆ. ಪೋಸ್ಟ್ ಮಾಸ್ಟರರು ಕನ್ನಡಕ ಮೇಲೆತ್ತಿ, "ಇನ್ನೂ ಎರಡು ವರ್ಷ ಉಂಟಲ್ಲ ಮಾರಾಯ್ರೆ?" ಎಂದು ಕೇಳಿದರು. "ಬಸ್ಸು ಹೊರಡುವ ಮೊದಲು ಟವೆಲು ಹಾಕಿ ಸೀಟು ಹಿಡಿಯುದಿಲ್ವಾ? ಹಾಗೆ" ಎಂದೆ. ಕೆಂಪು ಶಾಯಿಯಲ್ಲಿ ಕೆಳಗೆ ಒಂದು ಗೆರೆಯೂ ಎಳೆದಿದ್ದೇನೆ. ನಿನ್ನ ಹಾಸ್ಟೆಲಿನವರಿಗೂ ಗೊತ್ತಾಗಲಿ.

ಈಗ ಕೇಳಬೇಕಾದದ್ದು: ನೋವು ಹೋಯಿತು, ಊತ ಇಲ್ಲ. ನೀನು ಹೇಳುವವರೆಗೆ ನಿಲ್ಲಿಸಬಾರದೆಂದಿದ್ದೀ, ಆದ್ದರಿಂದ ನಿಲ್ಲಿಸಿಲ್ಲ. ಇನ್ನೂ ಎಷ್ಟು ದಿನ ಕೊಡಲಿ? ಒಂದು ಕಾರ್ಡು ಹಾಕು, ಸಾಕು.

ಇತಿ ನಿನ್ನ ಅಪ್ಪ
ಮೇದಪ್ಪ

⁂

ಅರಂತೋಡು
೧೦-೧೦-೧೯೮೩

ಚಿರಂಜೀವಿ ಶೀಲಾವತಿಗೆ ಆಶೀರ್ವಾದ.

ನಿನ್ನ ಕಾಗದ ಬರಲಿಲ್ಲ. ಓದು ಜಾಸ್ತಿ ಇರಬಹುದೆಂದು ಅಮ್ಮನಿಗೆ ಹೇಳಿದ್ದೇನೆ. ಪೊಟ್ಟಣ ಮುಗಿದವು. ಪುತ್ತೂರಿಗೆ ಹೋಗಿ ಚೀಟಿ ತೋರಿಸಿ ಪುನಃ ತಂದೆ. ಅಂಗಡಿಯವನು ಯಾರಿಗೆಂದು ಕೇಳಿದ. ಕುದುರೆಗೆ ಎಂದದ್ದಕ್ಕೆ ಪಕ್ಕದವನ ಮುಖ ನೋಡಿ ನಕ್ಕ. ನಗಲಿ.

ಬೊಳ್ಳಿ ಎರಡು ಮೂರು ವಾರದಿಂದ ಹುರುಳಿಗೆ ಬಾಯಿ ಹಾಕುತ್ತಾಳೆ, ನಾಲ್ಕು ತುತ್ತು ತಿಂದು ಮುಖ ತಿರುಗಿಸುತ್ತಾಳೆ. ಮೇಲ್ತುಟಿ ಮಡಚಿ ಹಲ್ಲು ತೋರಿಸುತ್ತಾಳೆ. ಹೊಟ್ಟೆಯ ಪಟ್ಟಿ ಬಿಗಿಯಲು ಹೋದರೆ ಕಚ್ಚಲು ಬರುತ್ತಾಳೆ. ಐದು ವರ್ಷದಲ್ಲಿ ನನ್ನ ಮೇಲೆ ಕಿವಿ ಸಹ ಮಡಚಿದವಳಲ್ಲ.

ಎರಡು ವಾರದ ಹಿಂದೆ ಮಂಗಳವಾರ ಒಣಮೀನು ಮಾರಲು ಮೂಸಕುಂಞಿ ಬಂದಿದ್ದ. ಹಿಂದೆ ಪುತ್ತೂರು ಸ್ಟೇಷನಿನಲ್ಲಿ ಜಟಕಾ ಹೊಡೆಯುತ್ತಿದ್ದವನು, ನಿನಗೆ ನೆನಪಿರಬಹುದು. ಸೈಕಲ್ ಮರಕ್ಕೆ ಒರಗಿಸಿ ನೇರ ಹಟ್ಟಿಗೆ ಹೋಗಿ ಬೊಳ್ಳಿಯ ಗಂಟಲಿಗೆ ಕಿವಿ ಕೊಟ್ಟ.

"ಎಂತ ಮಾರಾಯ್ರೆ, ಇದು ಹಲ್ಲು ಕಡಿಯುದು ಕೇಳುದಿಲ್ವಾ ನಿಮಗೆ? ಹೊಟ್ಟೆಯಲ್ಲಿ ಬೆಂಕಿ ಉಂಟು ಇದಕ್ಕೆ. ಎಂತ ಕೊಡ್ತಾ ಇದ್ದೀರಿ?"

ಪುಡಿಯ ಪೊಟ್ಟಣ ತೋರಿಸಿದೆ. ಮೂಸಿ ನೋಡಿ, "ಇದನ್ನು ಮೊದಲು ನಿಲ್ಲಿಸಿ. ನೋವಿನ ಮದ್ದು ಎಷ್ಟು ಜಟಕಾ ಕುದುರೆಗಳನ್ನು ತಿಂದು ಹಾಕಿದ್ದು ನಾನು ಕಂಡಿದ್ದೇನೆ" ಎಂದ.

ನನಗೆ ಪಿತ್ತ ನೆತ್ತಿಗೇರಿತು. ನನ್ನ ಮಗಳು ಬೆಂಗಳೂರಿನಲ್ಲಿ ಪುಸ್ತಕ ಓದಿ ಕಳಿಸಿದ ಮದ್ದು, ಒಣಮೀನು ಮಾರುವವನಿಂದ ನಾನು ಕಲಿಯಬೇಕಾ ಎಂದು ಕೇಳಿಬಿಟ್ಟೆ. ಅವನು ಸೈಕಲ್ ಹತ್ತಿದ. ಕಳೆದ ಮಂಗಳವಾರ ನಮ್ಮ ಬೇಲಿಯ ದಣಪೆಯ ಹತ್ತಿರ ನಿಲ್ಲಲೇ ಇಲ್ಲ.

ಪುಡಿ ತಪ್ಪಿಸಿಲ್ಲ. ಯಾವಾಗ ನಿಲ್ಲಿಸಬೇಕೆಂದು ಬರೆ.

ಇತಿ
ಅಪ್ಪ

⁂

(ಕಾರ್ಡು)

ಅರಂತೋಡು
೨೭-೧೧-೧೯೮೩

ಶೀಲಾ, ಬೊಳ್ಳಿ ನಿನ್ನೆಯಿಂದ ಮಲಗಿ ಏಳುತ್ತಾಳೆ, ಎದ್ದು ಮಲಗುತ್ತಾಳೆ, ಹೊಟ್ಟೆಯ ಕಡೆ ತಿರುಗಿ ನೋಡುತ್ತಾಳೆ. ಪಕ್ಕೆಲುಬು ಲೆಕ್ಕ ಮಾಡಬಹುದು. ಲಂಘನಂ ಪರಮೌಷಧಂ ಎಂದು ಎರಡು ದಿನ ಉಪವಾಸ ಹಾಕಿದೆ, ಕಾಳುಮೆಣಸಿನ ಕಷಾಯ ಕುಡಿಸಿದೆ. ಇನ್ನೂ ಜೋರಾಯಿತು. ಪುಡಿ ಬೆಲ್ಲದಲ್ಲಿ ತಿನ್ನುವುದಿಲ್ಲ, ಬಾಯಿ ತೆರೆದು ಹಾಕುತ್ತಿದ್ದೇನೆ. ಕೂಡಲೇ ಉತ್ತರ ಬೇಕು. ಅಪ್ಪ.

⁂

ಬೆಂಗಳೂರು
೧-೧೨-೧೯೮೩

ಪ್ರೀತಿಯ ಅಪ್ಪನಿಗೆ,

ಕಾರ್ಡು ಇವತ್ತು ಬೆಳಿಗ್ಗೆ ಸಿಕ್ಕಿತು. ಪರೀಕ್ಷೆಗಳು ಒಂದರ ಮೇಲೊಂದು ಬಂದು ಬರೆಯಲು ಆಗಲಿಲ್ಲ. ಕ್ಷಮಿಸಿ.

ನಮ್ಮ ಪ್ರೊಫೆಸರರ ಹತ್ತಿರ ಲಕ್ಷಣಗಳನ್ನೆಲ್ಲ ಹೇಳಿದೆ. ಹೊಟ್ಟೆಯೊಳಗೆ ಹುಣ್ಣಾಗಿರಬಹುದೆಂದು ಅವರ ಸಂಶಯ. ಒಳಗೆ ಇಣುಕಿ ನೋಡುವ ಸಾಧನ ನಮ್ಮಲ್ಲಿಲ್ಲ, ಹುಣ್ಣೆಂದೇ ಎಣಿಸಿ ನಡೆದುಕೊಳ್ಳಬೇಕು ಎಂದರು.

ಅಪ್ಪಾ, ನೀವು ಬೊಳ್ಳಿಯನ್ನು ದನಗಳ ಜೊತೆ ಹಟ್ಟಿಯಲ್ಲಿ ಕಟ್ಟಿ, ಹಾಲು ಕರೆಯುವ ಹೊತ್ತಿಗೆ ದನಕ್ಕೆ ಹಾಕಿದಂತೆ ಅವಳಿಗೂ ಎರಡೇ ಹೊತ್ತು ಹಾಕುತ್ತೀರಿ. ದನ ತಿಂದದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತಾ ಮಧ್ಯಾಹ್ನ ಕಳೆಯುತ್ತದೆ. ಕುದುರೆಗೆ ಮೆಲುಕಿಲ್ಲ. ಅದರ ಹೊಟ್ಟೆಯಲ್ಲಿ ಹುಳಿನೀರು ಹಗಲೂ ರಾತ್ರಿ ಊರುತ್ತಲೇ ಇರುತ್ತದೆ. ಹುಲ್ಲು ಜಗಿಯುವಾಗ ಇಳಿಯುವ ಜೊಲ್ಲೇ ಅದಕ್ಕೆ ತಂಪು. ಹೊಟ್ಟೆ ಖಾಲಿ ಇದ್ದರೆ ಹುಳಿನೀರು ಹೊಟ್ಟೆಯನ್ನೇ ಸುಡುತ್ತದೆ. ಅದರ ಮೇಲೆ ಉಪವಾಸ, ಮೆಣಸಿನ ಕಷಾಯ! ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಇವತ್ತಿನಿಂದ ಹೀಗೆ ಮಾಡಿ. ಹುರುಳಿ ಪೂರ್ತಿ ಬಿಡಿ. ಹಸಿಹುಲ್ಲನ್ನು ಬಲೆಯಲ್ಲಿ ಕಟ್ಟಿ ಅವಳ ಬಾಯೆತ್ತರಕ್ಕೆ ತೂಗುಹಾಕಿ, ಸ್ವಲ್ಪ ಸ್ವಲ್ಪವೇ ಎಳೆದು ದಿನವಿಡೀ ತಿನ್ನಲಿ. ಬಲೆ ಖಾಲಿಯಾಗಬಾರದು. ನೀರು ಸದಾ ಎದುರಿಗಿರಲಿ. ಹೊರೆ ಹೊರಿಸಬೇಡಿ. ನೋವಿನ ಪುಡಿಯನ್ನೂ ಸದ್ಯ ನಿಲ್ಲಿಸಿ. ಹುಳಿ ತಣಿಸುವ ಬಿಳಿ ಮದ್ದಿನ ಬಾಟಲಿಗಳನ್ನು ಕಳಿಸುತ್ತಿದ್ದೇನೆ, ಹುಲ್ಲಿಗೆ ಮೊದಲು ಕುಡಿಸಿ.

ನಿಮ್ಮ ಮಗಳು
ಶೀಲಾವತಿ

⁂

ಅರಂತೋಡು
೩೦-೧೨-೧೯೮೩

ಚಿರಂಜೀವಿ ಶೀಲಾವತಿಗೆ ಆಶೀರ್ವಾದ.

ಬೊಳ್ಳಿ ಇದ್ದಾಳೆ. ಇದ್ದಾಳೆ ಎನ್ನಬಹುದು, ಅಷ್ಟೆ. ಮಲಗಿ ಏಳುವುದು ಕಮ್ಮಿಯಾಗಿದೆ. ಬಲೆಗೆ ದಿನಕ್ಕೆ ಎಂಟು ಸಲ ಹುಲ್ಲು ತುಂಬುತ್ತೇನೆ. ಪುಡಿ ನಿಲ್ಲಿಸಿದ ಮೂರನೇ ದಿನ ಕಾಲು ಪುನಃ ಎಳೆಯತೊಡಗಿದಳು. ಬೆಚ್ಚಗಿನ ನೀರಿನ ಪಟ್ಟಿ ಕಟ್ಟುತ್ತಿದ್ದೇನೆ. ಗುಡ್ಡದ ಹಾಲನ್ನು ಈಗ ನಾನು ಮತ್ತು ಚೆನ್ನು ತಲೆಯ ಮೇಲೆ ಹೊತ್ತು ತರುತ್ತೇವೆ.

ನಿನ್ನ ಕಾಗದ ಓದಿದಂದಿನಿಂದ ನನಗೆ ಮಧ್ಯಾಹ್ನದ ಅನ್ನ ಇಳಿಯುವುದಿಲ್ಲ. ಐದು ವರ್ಷ, ಮಗಳೇ. ಐದು ವರ್ಷ ಮಧ್ಯಾಹ್ನ ನಾನು ಗಡದ್ದಾಗಿ ಉಂಡು, ಎಲೆಯಡಿಕೆ ಹಾಕಿ ಚಾಪೆಯಲ್ಲಿ ಬೀಳುತ್ತಿದ್ದೆ. ಆ ಹೊತ್ತಿಗೆ ಅಲ್ಲಿ ದನಗಳು ಮೆಲುಕು ಹಾಕುತ್ತಾ ಕಣ್ಣು ಮುಚ್ಚಿದ್ದವು. ಅವುಗಳ ನಡುವೆ ಇದೊಂದು ಖಾಲಿ ಹೊಟ್ಟೆಯಲ್ಲಿ ನಿಂತು ಸುಟ್ಟುಕೊಳ್ಳುತ್ತಿತ್ತು. ನಾನು ಹೆಸರಿಟ್ಟದ್ದು ಕೂಡ ದನಕ್ಕಿಡುವ ಹೆಸರು. ಈಗ ಮಧ್ಯಾಹ್ನದ ಊಟ ಬಿಟ್ಟಿದ್ದೇನೆ. ಆ ಹೊತ್ತಿಗೆ ಹಟ್ಟಿಯಲ್ಲಿ ಅವಳ ಎದುರು ಕೂತುಕೊಳ್ಳುತ್ತೇನೆ. "ತಪ್ಪಾಯ್ತು" ಎನ್ನುತ್ತೇನೆ. ಅವಳಿಗೆ ಅರ್ಥವಾಗದಿದ್ದರೂ ನನಗೆ ಹೇಳದೆ ಆಗುವುದಿಲ್ಲ.

ಅಮ್ಮ ಒಂದು ದಿನ, "ಐದು ವರ್ಷ ಇಲ್ಲದ ಹುಣ್ಣು ಈಗ ಎಲ್ಲಿಂದ ಬಂತು?" ಎಂದು ಕೇಳಿದಳು. ಎಲ್ಲಿಂದ ಬಂತೆಂದು ಮಗಳು ಬರೆದಿದ್ದಾಳಲ್ಲ, ಅವಳಿಗಿಂತ ನಿನಗೆ ಗೊತ್ತಾ ಎಂದು ಬೈದೆ. ಮೂಸಕುಂಞಿ ನಿನ್ನ ಪುಡಿಯ ಮೇಲೆ ಹಾಕಿದ ತಪ್ಪು ಸುಳ್ಳಾಯಿತೆಂದು ನನಗೊಂದು ಸಮಾಧಾನ. ತಪ್ಪೆಲ್ಲ ನನ್ನ ಕೈಯದ್ದು, ನಿನ್ನದಲ್ಲವಲ್ಲ.

ನೀನು ಹೇಳಿದ ಯಾವುದನ್ನೂ ಬಿಟ್ಟಿಲ್ಲ. ಬದುಕುತ್ತಾಳಾ? ನಿಜ ಬರೆ.

ಇತಿ
ಅಪ್ಪ

⁂

ಬೆಂಗಳೂರು
೧೪-೧-೧೯೮೪

ಪ್ರೀತಿಯ ಅಪ್ಪನಿಗೆ,

ಬದುಕುತ್ತಾಳೆ ಎಂದುಕೊಂಡಿದ್ದೇನೆ. ಹಲ್ಲು ಕಡಿಯುವುದು ನಿಂತಿದೆಯಾ, ಲದ್ದಿ ಗಟ್ಟಿಯಾಗಿದೆಯಾ ನೋಡಿ ಬರೆಯಿರಿ. ಬಲೆಯನ್ನು ರಾತ್ರಿಯೂ ತುಂಬಿ ಇಡಿ. ದಯವಿಟ್ಟು ನೀವು ಊಟ ಬಿಡಬೇಡಿ. ನಿಮ್ಮ ಊಟಕ್ಕೂ ಅವಳ ಹುಣ್ಣಿಗೂ ಸಂಬಂಧವಿಲ್ಲ.

ಇನ್ನೂ ಬರೆಯುವುದಿತ್ತು. ಈಗ ಪುರುಸೊತ್ತಿಲ್ಲ.

ಶೀಲಾವತಿ

⁂

ಬೆಂಗಳೂರು
೧೯-೨-೧೯೮೪

ಅಪ್ಪಾ,

ಈ ಕಾಗದವನ್ನು ಅಮ್ಮನ ಎದುರು ಗಟ್ಟಿಯಾಗಿ ಓದಬೇಡಿ. ಮೊದಲು ನೀವೊಬ್ಬರೇ ಓದಿ. ಆಮೇಲೆ ನಿಮ್ಮ ಇಷ್ಟ.

ಬೊಳ್ಳಿಯ ಹೊಟ್ಟೆ ಸುಟ್ಟದ್ದು ನನ್ನ ಪುಡಿ. ಆ ಪುಡಿಯನ್ನು ಎಂಟು ಹತ್ತು ದಿನ ಕೊಟ್ಟು, ಪ್ರಮಾಣ ಇಳಿಸಿ ನಿಲ್ಲಿಸಬೇಕು. ತಿಂಗಳುಗಟ್ಟಲೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ನೀವು ಮೂರೂವರೆ ತಿಂಗಳು ಕೊಟ್ಟಿರಿ, ಯಾಕೆಂದರೆ ನಾನು ಹೇಳುವವರೆಗೆ ನಿಲ್ಲಿಸಬೇಡಿ ಎಂದು ಬರೆದೆ, ಮತ್ತೆ ಹೇಳಲಿಲ್ಲ. ಎರಡು ಹೊತ್ತಿನ ಮೇವು ಕುದುರೆಗೆ ಒಳ್ಳೆಯದಲ್ಲ, ಅದು ಸತ್ಯ. ಆದರೆ ಐದು ವರ್ಷ ಅದರಲ್ಲೇ ಅವಳು ಗುಡ್ಡ ಹತ್ತಿ ಇಳಿದಳು. ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಮೂಸಕುಂಞಿ ಹೇಳಿದ್ದು ಸರಿಯಾದ ಮಾತು.

ಪರೀಕ್ಷೆಯಿತ್ತು ಎಂದದ್ದೂ ಸುಳ್ಳು. ಪರೀಕ್ಷೆ ಒಂದೇ ವಾರ ಇದ್ದದ್ದು. ನಿಮ್ಮ ಸೆಪ್ಟೆಂಬರಿನ ಲಕೋಟೆ ಹಾಸ್ಟೆಲಿನ ಮೇಜಿನ ಮೇಲೆ ಕೆಂಪು ಗೆರೆ ಎಳೆಸಿಕೊಂಡು ಬಿದ್ದಿತ್ತು. ಹುಡುಗಿಯರು ಅದನ್ನು ಕೈಯಿಂದ ಕೈಗೆ ದಾಟಿಸಿ, 'ಡಾಕ್ಟರಮ್ಮಾ, ನನ್ನ ಎಮ್ಮೆಗೆ ಹಲ್ಲುನೋವು' ಎಂದು ನನ್ನ ಎದುರು ಕೈಮುಗಿದು ನಿಂತರು. ನನಗೆ ನಾಚಿಕೆಯಾಯಿತು. ನಿಮ್ಮ ಮೇಲೆ ಸಿಟ್ಟು ಬಂತು. ಒಡೆಯದೆಯೇ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಅಕ್ಟೋಬರಿನದ್ದನ್ನೂ ಹಾಗೆಯೇ ಹಾಕಿದೆ. ಕಾರ್ಡಿಗೆ ಮುಚ್ಚಳ ಇಲ್ಲದ್ದರಿಂದ ಮಾತ್ರ ಓದಿದೆ. ಆಗ ಲಕೋಟೆಗಳನ್ನು ಒಡೆದೆ. ಎರಡರಲ್ಲೂ ನೀವು ಕೇಳಿದ್ದು ಒಂದೇ ಪ್ರಶ್ನೆ.

ಅದಕ್ಕೆ ಉತ್ತರ ಕೊಡುವ ಬದಲು ದನದ ಮಾತು ಬರೆದೆ. ನೀವು ನಂಬುತ್ತೀರಿ ಎಂದು ಗೊತ್ತಿತ್ತು. ಡಿಸೆಂಬರಿನಲ್ಲಿ ನೀವು ಬರೆದ ಕಾಗದ ಓದಿ ಆ ದಿನವೇ ನಿಜ ಹೇಳಬೇಕಿತ್ತು. ಪೆನ್ನು ಹಿಡಿದೆ, ಧೈರ್ಯ ಬರಲಿಲ್ಲ.

ಕಳೆದ ವಾರ ತರಗತಿಯಲ್ಲಿ ಬೊಳ್ಳಿಯ ಕಥೆ ಹೇಳಿದೆ. ಊರಿನವರೊಬ್ಬರು ಕುದುರೆಯನ್ನು ದನದ ಹಾಗೆ ಸಾಕಿ ಹುಣ್ಣು ಮಾಡಿದರು ಎಂದೆ. ಎಲ್ಲರೂ ನಕ್ಕರು. ಪ್ರೊಫೆಸರರು ನನ್ನನ್ನು ಹೊಗಳಿ, ಬೋರ್ಡಿನ ಮೇಲೆ 'ಮಾಲೀಕರ ಅಜ್ಞಾನ' ಎಂದು ಬರೆದರು. ಆಮೇಲೆ, "ನೋವಿನ ಔಷಧ ಏನಾದರೂ ಕೊಟ್ಟಿದ್ದರೇ?" ಎಂದು ಕೇಳಿದರು. "ಇಲ್ಲ ಸರ್" ಎಂದೆ. ಗಂಟೆ ಹೊಡೆಯುವವರೆಗೆ ಆ ಅಕ್ಷರಗಳ ಎದುರು ಕೂತಿದ್ದೆ ಅಪ್ಪಾ. ಅಜ್ಞಾನ ನಿಮ್ಮದೆಂದು ಬರೆಸಿದವಳು ನಾನು. ಮರುದಿನ ಅವರ ಕೋಣೆಗೆ ಹೋಗಿ ನಿಜ ಹೇಳಿದೆ. ಅವರು, "ಇದನ್ನು ನನಗೆ ಹೇಳಿ ಏನು ಪ್ರಯೋಜನ?" ಎಂದರು.

ಕ್ಷಮಿಸಿ ಎಂದು ಬರೆಯಲು ಮುಖವಿಲ್ಲ. ಮಧ್ಯಾಹ್ನ ಊಟ ಮಾಡಿ.

ಶೀಲಾವತಿ

⁂

ಅರಂತೋಡು
೨೬-೩-೧೯೮೪

ಶೀಲಾವತಿಗೆ ಅಪ್ಪ ಬರೆಯುವುದು.

ನಿನ್ನ ಕಾಗದ ಸಿಕ್ಕಿ ಒಂದು ತಿಂಗಳ ಮೇಲಾಯಿತು. ಓದು ಇತ್ತೆಂದು ನಾನು ಹೇಳುವ ಹಾಗಿಲ್ಲ. ಸಿಟ್ಟು ಇತ್ತು. ಬರೆಯಲು ಕೂತರೆ ಅಕ್ಷರದ ಬದಲು ಬೈಗುಳ ಬರುತ್ತಿತ್ತು, ಎರಡು ಸಲ ಹರಿದೆ.

ಪುಡಿಯ ವಿಷಯಕ್ಕೆ ಸಿಟ್ಟಿಲ್ಲ. ನೀನು ಕೆಡುಕು ಬಯಸಿ ಕಳಿಸಿದ್ದಲ್ಲ, ನಾನು ಕೆಡುಕು ಬಯಸಿ ಕೊಟ್ಟದ್ದಲ್ಲ. ಲಕೋಟೆ ಒಡೆಯದ್ದಕ್ಕೂ ಅಷ್ಟಿಲ್ಲ. ನಾನೂ ಮುದುಕ ಮಂಗನ ಹಾಗೆ ಕೆಂಪು ಶಾಯಿ ಬಳಿದೆ, ಪ್ರಾಯದ ಹುಡುಗಿಗೆ ನಾಚಿಕೆ ಆಗದೆ ಇರುತ್ತದಾ? ಸಿಟ್ಟು ಇರುವುದು ಡಿಸೆಂಬರಿನಿಂದ ಫೆಬ್ರವರಿವರೆಗಿನ ದಿನಗಳಿಗೆ. ಅಷ್ಟು ಮಧ್ಯಾಹ್ನ ನಾನು ಆ ಮೂಕ ಪ್ರಾಣಿಯ ಎದುರು ಕೂತು ಅತ್ತಿದ್ದೇನೆ. ನಿನಗದು ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಕೂತಿರಲು ಬಿಟ್ಟೆ. ಅದಕ್ಕೆ ನನ್ನ ಹತ್ತಿರ ಈಗಲೂ ಸಮಾಧಾನದ ಮಾತಿಲ್ಲ, ಸುಳ್ಳೇ ಬರೆಯುವುದಿಲ್ಲ.

ಬೊಳ್ಳಿ ಬದುಕಿಕೊಂಡಳು. ಹಲ್ಲು ಕಡಿಯುವುದಿಲ್ಲ, ಮೈಯಲ್ಲಿ ಹೊಸ ಕೂದಲು ಬರುತ್ತಿದೆ. ಹುಲ್ಲಿನ ಬಲೆ ಬಿಡುವುದಿಲ್ಲ, ಇನ್ನು ಮೇಲೆ ಅದೇ ಅವಳ ಕ್ರಮ. ಕ್ಯಾನು ಹೊರುವುದು ಮುಗಿಯಿತು. ಕಾಲೂ ಸರಿ ಇಲ್ಲ, ಹೊರಿಸುವ ಮನಸ್ಸೂ ನನಗಿಲ್ಲ. ನನ್ನ ಕೈಯನ್ನು ಬಾಯಿಯ ಹತ್ತಿರ ಕೊಂಡುಹೋದರೆ ಈಗಲೂ ತಲೆ ಹಿಂದೆ ಎಳೆಯುತ್ತಾಳೆ. ಬಾಯಿ ತೆರೆದು ಪುಡಿ ಹಾಕಿದ ಕೈಯಲ್ಲವೇ.

ಮೊನ್ನೆ ಪುತ್ತೂರಿಗೆ ಹೋಗಿ ಮೂಸಕುಂಞಿಯ ಮನೆ ಹುಡುಕಿದೆ. ನಿನ್ನ ಕಾಗದದಲ್ಲಿದ್ದ ವಿಷಯ ಪೂರ್ತಿ ಹೇಳಿ, ತಪ್ಪಾಯಿತು ಎಂದೆ. ಅವನು ಚಾಪೆ ಹಾಸಿ ಕೂರಿಸಿ, "ಮಗಳ ಮದ್ದು ಅಲ್ವಾ ರೈಟರೇ. ಯಾವ ಅಪ್ಪ ನಿಲ್ಲಿಸ್ತಾನೆ?" ಎಂದ. ಹೆಂಡತಿ ಜೈನಬಮ್ಮನನ್ನು ಕರೆದು ಚಾ ಕೊಡಿಸಿದ. ನನಗೆ ಅಲ್ಲಿ ತಲೆ ಎತ್ತಲು ಆಗಲಿಲ್ಲ.

ಈಗ ಮುಖ್ಯ ವಿಷಯ. ಚೆನ್ನು ಬೆಳಿಗ್ಗೆಯಿಂದ ನಮ್ಮ ಜಗಲಿಯಲ್ಲಿ ಕೂತಿದ್ದಾಳೆ. ಅವಳ ಮೂರು ತಿಂಗಳ ಕರು ಮಣ್ಣಿನ ಗೋಡೆ ನೆಕ್ಕುತ್ತದಂತೆ, ಹೊಟ್ಟೆ ಡೊಳ್ಳು, ಬೆನ್ನಿನ ಕೂದಲು ಉದುರುತ್ತಿದೆ, ಹಾಲು ಕುಡಿದರೂ ಮೈ ಹತ್ತುವುದಿಲ್ಲ. "ಶೀಲನನ್ನು ಕೇಳಿ ಒಂದು ಕಾಗದ ಹಾಕಿ ರೈಟರೇ, ನಿಮ್ಮ ಕುದುರೆ ಬದುಕಿಸಿದ್ದು ಅವಳೇ ಅಲ್ವಾ" ಎಂದಳು. ಅವಳಿಗೆ ಏನೂ ಗೊತ್ತಿಲ್ಲ. ಬೇಡ, ಬೇರೆ ಯಾರನ್ನಾದರೂ ಕೇಳು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನೀನು ಹುಟ್ಟಿದಂದಿನಿಂದ ಇಂಥ ಮಾತು ನನ್ನ ಬಾಯಿಗೆ ಬಂದದ್ದು ಇದೇ ಮೊದಲು. ನುಂಗಿದೆ. ನುಂಗಿದೆನೆಂಬುದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಇನ್ನು ನಮ್ಮಿಬ್ಬರ ನಡುವೆ ಮುಚ್ಚಿಡುವುದು ಬೇಡ.

ಕರುವಿಗೆ ಏನು ಕೊಡಬೇಕು, ಎಷ್ಟು ದಿನ ಕೊಡಬೇಕು, ಯಾವಾಗ ನಿಲ್ಲಿಸಬೇಕು, ಮೂರನ್ನೂ ಬರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಬರೆ. ಆದರೆ ಬರೆ.

ನಿನ್ನ ಅಪ್ಪ
ಮೇದಪ್ಪ